ಸೊತ್ತಿನ ಶಬ್ದಗಳೂ ನಾಡಿನ ಚರಿತ್ರೆಯೂ

1974ಕ್ಕೆ ಮುಂಚೆ ಬಂಟವಾಳದ ಬೈಲುಗಳಲ್ಲಾಗಲಿ, ಬೆಳ್ತಂಗಡಿಯ ಕಾಡಂಚಿನ ಮಜಲುಗಳಲ್ಲಾಗಲಿ, ಮೂಡುಬಿದಿರೆಯ ಸುತ್ತಲಿನ ಗ್ರಾಮಗಳಲ್ಲಾಗಲಿ ಒಂದೇ ಗದ್ದೆಯನ್ನು ಕುರಿತು ಇಬ್ಬರಾಡುವ ಎರಡು ಮಾತುಗಳಿದ್ದುವು. ‘ನನಗೆ ಆರು ಮುಡಿ ಗದ್ದೆ ಉಂಟು’ ಎಂದು ಉಳುವವನು ಹೇಳುವನು. ‘ಆ ಗದ್ದೆ ನನ್ನದು’ ಎಂದು ಧಣಿಯು ಹೇಳುವನು. ಇಬ್ಬರೂ ಸತ್ಯವನ್ನೇ ನುಡಿದವರು. ಕೇಳಿದ ನೆರೆಯವರಿಗೂ ಇದರಲ್ಲಿ ವಿರೋಧವೇನೂ ತೋರುತ್ತಿರಲಿಲ್ಲ. ಉಂಟು ಎಂಬುದು ಬೇರೆ, ನನ್ನದು ಎಂಬುದು ಬೇರೆ. ಈ ಎರಡು ಮಾತುಗಳ ನಡುವಣ ಎಡೆಯಲ್ಲಿಯೇ ಈ ಸೀಮೆಯ ಸಾವಿರಾರು ಮನೆತನಗಳ ಅನ್ನವೂ ಸೂರೂ ತಲೆತಲಾಂತರಗಳಿಂದ ನಿಂತಿದ್ದುವು. ನಿತ್ಯದ ಬಳಕೆಯಲ್ಲಿ ಸವೆದುಹೋದ ಇಂತಹ ಶಬ್ದಗಳನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರೆ, ತಾಮ್ರಶಾಸನದ ಹಿಂಬದಿಯಲ್ಲಿ ಅಕ್ಷರಗಳು ಕಂಡಂತೆ, ಚರಿತ್ರೆಯ ಸಾಲುಗಳು ಕಾಣತೊಡಗುವುವು.

ಕನ್ನಡದಲ್ಲಿ, ಇಂಗ್ಲಿಷಿನಲ್ಲಿರುವಂತೆ, ಒಂದು ವಸ್ತುವನ್ನು ‘ಹೊಂದಿರುವುದು’ ಎಂಬ ಅರ್ಥದ ಸಹಜವಾದ ಕ್ರಿಯಾಪದವಿಲ್ಲ. ‘ಹೊಂದು’ ಎಂಬುದನ್ನು ಆ ಅರ್ಥಕ್ಕೆ ಎಳೆದು ತಂದುದು ಇತ್ತೀಚಿನ ಭಾಷಾಂತರಕಾರರ ಕೆಲಸ. ಅಂಗಳದಲ್ಲಿ ಕುಳಿತ ಅಜ್ಜಿಯ ಬಾಯಲ್ಲಿ ಅದು ಬಾರದು. ಸಂಸ್ಕೃತದಲ್ಲಿಯೂ ಹೀಗೆಯೇ. ಅಲ್ಲಿ ವಸ್ತುವು ‘ಅಸ್ತಿ’, ಎಂದರೆ ಇದೆ; ಯಾರದಾಗಿ ಎಂಬುದು ವಿಭಕ್ತಿಯಿಂದ ತಿಳಿಯುವುದು. ಧನವಾನ್, ಗೋಮಾನ್ ಮುಂತಾದ ರೂಪಗಳಿಗೆ ಬೇಕಾದ ಮತುಪ್ ಪ್ರತ್ಯಯವನ್ನು ವಿಧಿಸುವಾಗ ಪಾಣಿನಿಯು ‘ಅದು ಇವನದಾಗಿ ಇದೆ’, ‘ಅದು ಇವನಲ್ಲಿ ಇದೆ’ ಎಂಬೆರಡು ಅರ್ಥಗಳನ್ನು ಬೇರ್ಪಡಿಸಿ ಹೇಳಿರುವನು. ಆ ‘ಅಸ್ತಿ’ಯೇ ಕನ್ನಡದ ‘ಆಸ್ತಿ’ಯಾಯಿತು. ಸಿರಿವಂತನಿಗೆ ಸಂಸ್ಕೃತದಲ್ಲಿ ‘ಅಸ್ತಿಮಾನ್’ ಎಂಬ ಹೆಸರೂ ಉಂಟು. ಅಚ್ಚಗನ್ನಡವು ಇದೇ ದಾರಿಯನ್ನು ತಾನಾಗಿ ಹಿಡಿದು ಅವನನ್ನು ‘ಉಳ್ಳವನು’ ಎಂದು ಕರೆಯಿತು; ಬಡವನು ‘ಇಲ್ಲದವನು’. ಕರಾವಳಿಯ ಕನ್ನಡದಲ್ಲಿ ಹೆಜ್ಜೆಗೊಮ್ಮೆ ಕೇಳಿಬರುವ ‘ಉಂಟು’ ಕೂಡ ಈ ‘ಉಳ್’ ಧಾತುವಿನ ಮಗುವೇ. ಘಟ್ಟದ ಮೇಲಿನವರು ಈ ‘ಉಂಟು’ವನ್ನು ಕೇಳಿ ನಗುವುದುಂಟು, ನಗುವವರು ಅದರ ವಯಸ್ಸನ್ನು ವಿಚಾರಿಸುವುದು ಒಳಿತು.

ಇದರಿಂದ ಮೂರು ಬಗೆಯ ಮಾತುಗಳು ಹುಟ್ಟಿದುವು. ‘ನನ್ನಲ್ಲಿ ನೂರು ರೂಪಾಯಿ ಉಂಟು’ ಎಂದರೆ ಅದು ಈಗ ಕೈಯಲ್ಲಿದೆ ಎಂದಷ್ಟೇ. ಹಣ ಪರರದೂ ಆಗಿರಬಹುದು. ‘ನನಗೆ ಗದ್ದೆ ಉಂಟು, ಎರಡು ಹಸು ಉಂಟು, ಮಕ್ಕಳುಂಟು’ ಎಂದರೆ ಬಾಳಿಗೆ ಅಂಟಿಕೊಂಡಿರುವುದು. ಅದರ ಫಲವನ್ನು ಉಣ್ಣತಕ್ಕವನು ಮಾತನಾಡುವವನೇ. ‘ನನ್ನದು’ ಎಂದರೆ ಇತರರನ್ನು ಹೊರಗಿಡುವ ಮಾತು. ವ್ಯವಹಾರದಲ್ಲಿ ಜಗಳವು ಹುಟ್ಟುವುದು ಹೆಚ್ಚಾಗಿ ಈ ಮೂರನೆಯದರಿಂದಲೇ.

ಚರಾಸ್ತಿಯ ಶಬ್ದಗಳಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾಗಿಲ್ಲ, ಆದರೂ ಅವುಗಳಲ್ಲಿ ಕೆಲವು ವಿನೋದಗಳುಂಟು. ‘ಒಡವೆ’ ಎಂದರೆ ಹಳಗನ್ನಡದಲ್ಲಿ ಉಳ್ಳ ಸೊತ್ತೆಲ್ಲವೂ, ‘ಒಡೆಯ’ನು ಅದನ್ನುಳ್ಳವನು. ಈಗ ಒಡವೆಯು ಕಿವಿಗೂ ಕೊರಳಿಗೂ ಕುಗ್ಗಿದೆ. ‘ವಸ್ತು’ ಎಂಬ ಸಂಸ್ಕೃತ ಶಬ್ದಕ್ಕೂ ಮನೆವಾರ್ತೆಯಲ್ಲಿ ಇದೇ ಗತಿ. ‘ಒಡವೆ ವಸ್ತು’ ಎಂದು ಜೋಡಿಸಿ ಹೇಳಿದರೆ ಬಂಗಾರವಲ್ಲದೆ ಬೇರೇನೂ ಅಲ್ಲ. ಭೂಮಿಯು ಕುಟುಂಬದ್ದು, ದನಕರುಗಳು ಹಟ್ಟಿಯವು. ಒಬ್ಬಳು ಹೆಂಗಸು ತನ್ನದೆಂದು ಪೆಟ್ಟಿಗೆಯಲ್ಲಿಡಬಹುದಾಗಿದ್ದುದು ಬಂಗಾರವೊಂದೇ ಆದುದರಿಂದ ‘ಸೊತ್ತು’ ಎಂಬ ಹೆಸರೆಲ್ಲ ಅದರ ಪಾಲಿಗೆ ಬಂದುದು ಆಶ್ಚರ್ಯವಲ್ಲ. ‘ಪದಾರ್ಥ’ದ ಕಥೆ ಇನ್ನೂ ಸೊಗಸು. ಪದದ ಅರ್ಥ, ಎಂದರೆ ಶಬ್ದವು ಯಾವುದನ್ನು ತೋರುವುದೋ ಅದು. ವೈಶೇಷಿಕರು ದ್ರವ್ಯ, ಗುಣ, ಕರ್ಮವೆಂದು ಎಣಿಸಿ ಜಗತ್ತನ್ನೆಲ್ಲ ಅದರೊಳಗೆ ತುಂಬಿದರು. ದಕ್ಷಿಣ ಕನ್ನಡದ ಊಟದ ಪಂಕ್ತಿಯಲ್ಲಿ ‘ಪದಾರ್ಥವೇನು?’ ಎಂದು ಕೇಳಿದರೆ ತೊಂಡೆಕಾಯಿಯದೋ ಬಸಳೆಯದೋ ಎಂಬುದೇ ಉತ್ತರ. ಕಣಾದನು ಬೇಸರಿಸಲಾರನು, ಅನ್ನದೊಡನೆ ಕಲಸತಕ್ಕದ್ದು ಮುಂದಿರುವಾಗ ಉಳಿದ ಪದಾರ್ಥಗಳು ಕಾಯಬಹುದು.

ಭೂಮಿಯ ಶಬ್ದಗಳು ಇಷ್ಟು ಹಗುರವಲ್ಲ. ಇವುಗಳ ಹಿಂದೆ ಧರ್ಮಶಾಸ್ತ್ರದ ಒಂದು ದೊಡ್ಡ ವಾದವಿದೆ. ಆ ವಾದವನ್ನು ತೀರ್ಮಾನಿಸಿದವನು ಕರ್ನಾಟಕದ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ಇದ್ದ ವಿಜ್ಞಾನೇಶ್ವರನು. ಯಾಜ್ಞವಲ್ಕ್ಯಸ್ಮೃತಿಗೆ ಅವನು ಬರೆದ ಮಿತಾಕ್ಷರೆಯಲ್ಲಿ, ಒಂದು ವಸ್ತು ಒಬ್ಬನ ‘ಸ್ವ’ವಾಗುವುದು ಶಾಸ್ತ್ರದಿಂದಲೋ ಲೋಕದಿಂದಲೋ ಎಂಬ ಪ್ರಶ್ನೆಯನ್ನೆತ್ತಿ, ಲೋಕದಿಂದಲೇ ಎಂದು ನಿರ್ಣಯಿಸಿರುವನು. ಶಾಸ್ತ್ರದ ಗಂಧವೇ ಇಲ್ಲದ ಗಡಿನಾಡಿನ ಜನರೂ ಕೊಡುತ್ತಾರೆ, ಕೊಳ್ಳುತ್ತಾರೆ, ನನ್ನದು ನಿನ್ನದು ಎನ್ನುತ್ತಾರೆ. ಆದುದರಿಂದ ಸ್ವತ್ವವು ಲೌಕಿಕವಾದುದು ಎಂಬುದು ಅವನ ಯುಕ್ತಿಯ ಸಾರ. ಸ್ವತ್ವವನ್ನರಿಯಬೇಕಾದರೆ ಗ್ರಂಥಕ್ಕಿಂತ ಮೊದಲು ಜನರ ಬಾಯಿಯ ಮಾತನ್ನು ಕೇಳಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಕಾಗಿಲ್ಲ.

ಇನ್ನೊಂದೆಡೆಯಲ್ಲಿ ಅವನು ಭೂಮಿಯ ಮಾರಾಟದ ತೊಡಕನ್ನು ಬಿಡಿಸಿದ್ದಾನೆ. ಸ್ಥಾವರವನ್ನು ಮಾರಕೂಡದೆಂದು ಹಳೆಯ ವಚನ. ದಾನ ಮಾಡಿದರೆ ಪುಣ್ಯವೆಂದು ಪ್ರಶಂಸೆ. ಆದರೆ ಮಾರದೆ ವಿಧಿಯಿಲ್ಲದ ಸಂದರ್ಭಗಳು ಮನುಷ್ಯನಿಗೆ ಬಂದೇ ಬರುವುವು. ಆಗ ಗ್ರಾಮದವರು, ಜ್ಞಾತಿಗಳು, ನೆರೆಹೊರೆಯವರು, ದಾಯಾದಿಗಳು ತಿಳಿದಿರುವಂತೆ, ಹೊನ್ನನ್ನೂ ನೀರನ್ನೂ ಕೈಯಲ್ಲಿಟ್ಟು, ಮಾರಾಟವನ್ನೂ ದಾನದ ರೂಪದಲ್ಲಿಯೇ ಮಾಡತಕ್ಕದ್ದು. ಇದರ ಗುರುತು ತುಳುನಾಡಿನ ಶಾಸನಗಳ ಉದ್ದಕ್ಕೂ ಇದೆ. ‘ಧಾರಾಪೂರ್ವಕವಾಗಿ’, ‘ಧಾರೆಯನೆರೆದು’ ಎಂಬ ಮಾತು ದಾನಕ್ಕೆ ಮಾತ್ರವಲ್ಲ, ಬೆಲೆ ತೆಗೆದುಕೊಂಡು ಕೊಟ್ಟುದಕ್ಕೂ ಸಲ್ಲುತ್ತಿತ್ತು. ಇಂದಿಗೂ ಈ ಸೀಮೆಯಲ್ಲಿ ಮದುವೆಯ ಮುಹೂರ್ತಕ್ಕೆ ‘ಧಾರೆ’ ಎಂದೇ ಹೆಸರು. ಹೆಣ್ಣನ್ನೂ ಮಣ್ಣನ್ನೂ ಬೆಲೆಗೆ ಕೊಟ್ಟೆವೆಂದು ಹೇಳಿಕೊಳ್ಳಲು ನಾಲಗೆ ಹಿಂಜರಿದಾಗ ನೀರು ಆ ನಾಚಿಕೆಯನ್ನು ತೊಳೆಯುತ್ತಿತ್ತು.

ಮೂಡುಬಿದಿರೆಯಲ್ಲಿ 1430ರಲ್ಲಿ, ವಿಜಯನಗರದ ಇಮ್ಮಡಿ ದೇವರಾಯನ ಆಳ್ವಿಕೆಯಲ್ಲಿ, ತ್ರಿಭುವನತಿಲಕ ಚೂಡಾಮಣಿ ಬಸದಿಯು ನಿಂತಿತು. ಜನರು ಅದನ್ನು ಸಾವಿರ ಕಂಬದ ಬಸದಿಯೆನ್ನುವರು. ವೇಣೂರಿನಲ್ಲಿ 1604ರಲ್ಲಿ ಅಜಿಲರ ಅರಸು ತಿಮ್ಮಣ್ಣನು ಗೊಮ್ಮಟನನ್ನು ನಿಲ್ಲಿಸಿದನು. ಕಲ್ಲು ನಿಂತರೆ ಸಾಲದು, ಪೂಜೆಗೆ ದಿನವಹಿ ಅಕ್ಕಿ ಬರಬೇಕು. ಅದಕ್ಕೆ ಭೂಮಿ ಬೇಕು. ಭೂಮಿಯನ್ನು ಕೊಡುವಾಗ ಶಾಸನಗಳಲ್ಲಿ ಬರುವ ಕ್ರಿಯಾಪದವು ಬಹಳ ಕಡೆ ‘ಬಿಟ್ಟರು’ ಎಂಬುದು. ಇದು ಸೂಕ್ಷ್ಮವಾದ ಮಾತು. ಅರಸನು ತನ್ನ ಕೈಯಲ್ಲಿದ್ದುದನ್ನು, ಎಂದರೆ ತನಗೆ ಸಲ್ಲುವ ತೆರಿಗೆಯನ್ನು ಬಿಟ್ಟನು. ಮಣ್ಣನ್ನು ಉಳುವವನು ಅಲ್ಲಿಯೇ ಇದ್ದನು, ಅವನು ಅಳೆಯುವ ಅಕ್ಕಿ ಮಾತ್ರ ಅರಮನೆಯ ಬಾಗಿಲನ್ನು ಬಿಟ್ಟು ಬಸದಿಯ ಬಾಗಿಲಿಗೆ ಹೋಯಿತು. ಕೊಟ್ಟುದರ ವಿಸ್ತಾರವನ್ನು ಹೇಳಲು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ಎಂಟು ಬಗೆಯ ಭೋಗಗಳನ್ನೆಣಿಸುವ ಪದ್ಧತಿಯಿತ್ತು. ಹೂತಿಟ್ಟ ಧನದಿಂದ ಮೊದಲುಗೊಂಡು, ನೀರು, ಕಲ್ಲು, ಇನ್ನು ಮುಂದೆ ಆಗಬಹುದಾದ ಉತ್ಪತ್ತಿಯವರೆಗೂ ಒಂದೊಂದಾಗಿ ಹೆಸರಿಸಬೇಕು. ಎಣಿಸದೆ ಉಳಿದುದು ಕೊಟ್ಟವನಲ್ಲಿಯೇ ಉಳಿಯಬಹುದೆಂಬ ಭಯವಿದ್ದುದರಿಂದಲೇ ಈ ಎಣಿಕೆ. ಒಂದು ತುಂಡು ಭೂಮಿಯೆಂದರೆ ಒಂದು ವಸ್ತುವಲ್ಲ, ಎಂಟು ಭೋಗಗಳ ಒಂದು ಕಟ್ಟು. ಕಟ್ಟನ್ನು ಬಿಚ್ಚಿ ಒಬ್ಬೊಬ್ಬರಿಗೆ ಒಂದೊಂದನ್ನು ಕೊಡಲೂ ಬಹುದು.

‘ಉಂಬಳಿ’ ಎಂಬ ಶಬ್ದದಲ್ಲಿ ಉಣ್ಣುವುದೇ ಇದೆ. ಸಂಸ್ಕೃತದ ‘ಭೋಗ’, ‘ಭುಕ್ತಿ’ಗಳಲ್ಲಿಯೂ ಅದೇ. ದೇವಸ್ಥಾನ ಬಸದಿಗಳಲ್ಲಿ ನಿತ್ಯದ ಪೂಜೆಗೂ ಪರಿಚಾರಕರಿಗೂ ಅಳೆದು ಕೊಡುವ ಪಡಿಯ ಕ್ರಮವು ‘ಪಡಿತರ’ವೆನಿಸಿತ್ತು. ಆ ಹೆಸರು ಈಗ ಸರಕಾರದ ನ್ಯಾಯಬೆಲೆಯಂಗಡಿಯ ಮುಂದೆ ಚೀಟಿ ಹಿಡಿದು ನಿಂತಿದೆ. ಬೆಲೆಯಿಲ್ಲದೆ ದೊರೆತುದಕ್ಕೆ ಇಲ್ಲಿನವರು ‘ಧರ್ಮಕ್ಕೆ ಸಿಕ್ಕಿತು’ ಎನ್ನುವರು. ಛತ್ರ ಮಠಗಳ ದತ್ತಿಯನ್ನು ಉಂಡ ನಾಡಿನ ಮಾತು ಇದು.

ಅಳೆಯುವ ಮಾತು ಬಂದಮೇಲೆ ‘ಮುಡಿ’ಯನ್ನು ಬಿಟ್ಟು ಮುಂದೆ ಹೋಗಲಾಗದು. ಬೈಹುಲ್ಲನ್ನು ಹಾಸಿ, ನಡುವೆ ಅಕ್ಕಿಯನ್ನು ಸುರಿದು, ಹುಲ್ಲಿನ ಹಗ್ಗದಿಂದ ಸುತ್ತಿ ಸುತ್ತಿ ಬಿಗಿದು ಗುಂಡಗೆ ಕಟ್ಟಿದ ಕಟ್ಟು ಅದು. ಮಳೆಗಾಲವಿಡೀ ಅಕ್ಕಿಯು ಅದರೊಳಗೆ ಕೆಡದೆ ನಿಲ್ಲುವುದು. ಕಟ್ಟಿದ ತಲೆಗೂದಲಿಗೂ ಇದೇ ಹೆಸರು. ಶಾಸನಗಳಲ್ಲಿ ಇದು ‘ಮೂಡೆ’. ಹಲಸಿನೆಲೆಯ ಕೊಟ್ಟೆಯ ಅಕ್ಕನಾದ, ಮುಂಡುಕದ ಓಲೆಯ ಸುರುಳಿಯಲ್ಲಿ ಬೇಯಿಸಿದ ಕಡುಬಿಗೆ ಇಂದು ಅಡುಗೆಮನೆಯಲ್ಲಿ ಸಲ್ಲುವ ಹೆಸರೂ ‘ಮೂಡೆ’ಯೇ. ಮುಡಿಯು ಮೊದಲು ಕಟ್ಟು. ಬಳಿಕ ಅಳತೆ, ಸಾಮಾನ್ಯವಾಗಿ 42 ಸೇರು, 14 ಸೇರಿನ ಕಳಸೆಯಾದರೆ ಮೂರು. ಗೇಣಿಗೆ ಅಳೆಯುವ ಮುಡಿಗೂ ಪೇಟೆಯಲ್ಲಿ ಮಾರುವ ಮುಡಿಗೂ ಊರಿಂದೂರಿಗೆ ವ್ಯತ್ಯಾಸವೂ ಇತ್ತು. ಅನಂತರ ಅದು ನೆಲದ ವಿಸ್ತಾರವೂ ಆಯಿತು: ಇಷ್ಟು ಮುಡಿ ಬೀಜ ಬಿತ್ತಲು ಬೇಕಾದಷ್ಟು ಗದ್ದೆಯೇ ಅಷ್ಟು ಮುಡಿಯ ಗದ್ದೆ. ಕೊನೆಗೆ ಗೇಣಿಯೂ ಮುಡಿಯಲ್ಲಿಯೇ. ಹೀಗೆ ‘ಆರು ಮುಡಿ ಗದ್ದೆಗೆ ಮೂವತ್ತು ಮುಡಿ’ ಎಂದು ಒಬ್ಬನು ಹೇಳಿದರೆ ಅದರಲ್ಲಿ ಮೊದಲನೆಯದು ನೆಲ, ಎರಡನೆಯದು ಅಕ್ಕಿ. ಹೊರಗಿನಿಂದ ಬಂದ ಅಧಿಕಾರಿಗಳು ಇದನ್ನು ಕೇಳಿ ಕಂಗೆಟ್ಟಿರಬೇಕು.

ಧಣಿಯ ಮನೆಯ ಕೊಟ್ಟಿಗೆಯಲ್ಲಿ ಹೆಚ್ಚಾದ ಮುಡಿಗಳು ಇಳಿಯುತ್ತಿದ್ದುದು ನೇತ್ರಾವತಿಯ ದಡದ ಬಂಟವಾಳದ ಪೇಟೆಗೆ. ರಸ್ತೆಗಳು ಬಲಿಯುವ ಮುನ್ನ ಮಂಗಳೂರಿನಿಂದ ದೋಣಿಗಳು ಇಲ್ಲಿಯವರೆಗೆ ಏರಿಬರುತ್ತಿದ್ದುವು. ಅಕ್ಕಿ ಕೆಳಗಿಳಿಯುವುದು, ಉಪ್ಪು ಒಣಮೀನು ಮೇಲೇರುವುದು. ಮೈಸೂರು ಸೀಮೆಯ ಕಾಫಿ ಮೊದಲಾದ ಸರಕುಗಳೂ ಘಟ್ಟವಿಳಿದು ಇಲ್ಲಿಯೇ ತಂಗುತ್ತಿದ್ದುವು. ಸರಕನ್ನಿಡುವ ‘ಬಂಡಸಾಲೆ’ಯು ಸಂಸ್ಕೃತದ ಭಾಂಡಶಾಲೆಯೇ, ಭಾಂಡವೆಂದರೆ ಪಾತ್ರೆಯೂ ಹೌದು, ವ್ಯಾಪಾರದ ಸರಕೂ ಹೌದು. ಬೆಳ್ತಂಗಡಿ, ಅಳದಂಗಡಿ, ಉಪ್ಪಿನಂಗಡಿ ಎಂದು ಊರುಗಳೇ ಅಂಗಡಿಯ ಹೆಸರನ್ನು ತಾಳಿದ ನಾಡಿನಲ್ಲಿ ಕೊಡುಕೊಳ್ಳುವ ಮಾತುಗಳಿಗೆ ಬರವುಂಟೇ? ‘ಮಾರು’ ಎಂದರೆ ಬದಲಾಗು, ಬದಲಿಸು. ಮಾರುವೇಷ, ಮಾರುತ್ತರಗಳಲ್ಲಿ ಹಳೆಯ ಅರ್ಥ ಉಳಿದಿದೆ. ವಿಕ್ರಯವೂ ಮೊದಲು ಅದಲುಬದಲೇ ಆಗಿತ್ತೆಂಬುದನ್ನು ಆ ಶಬ್ದವು ಮರೆತಿಲ್ಲ. ‘ಕೊಳ್ಳು’ ಎಂದರೆ ಹಿಡಿ, ತೆಗೆದುಕೊ. ‘ಹಣ’ವು ಸಂಸ್ಕೃತದ ಪಣ, ಆ ಧಾತುವಿಗೆ ವ್ಯಾಪಾರವೂ ಜೂಜಿನ ಒಡ್ಡೂ ಎರಡೂ ಅರ್ಥ. ಘಟ್ಟದ ಮೇಲೆ ‘ಬೆಲೆಯೆಷ್ಟು’ ಎನ್ನುವಲ್ಲಿ ಇಲ್ಲಿ ‘ಕ್ರಯವೆಷ್ಟು’ ಎಂದು ಮೀನು ಮಾರುವವಳನ್ನೂ ಕೇಳುವರು. ‘ಜೀನಸಿನಂಗಡಿ’ಯ ಜೀನಸು ಅರಬ್ಬಿ ಶಬ್ದ, ಅಲ್ಲಿ ಅದಕ್ಕೆ ಜಾತಿ, ಬಗೆ ಎಂದರ್ಥ. ಘಟ್ಟವೇರಿ ಅದೇ ‘ದಿನಸಿ’ಯಾಯಿತು.

ಪರರ ವಸ್ತುವನ್ನು ಪಡೆಯುವಲ್ಲಿ ಹೆಂಗಸರ ಭಾಷೆಯು ನ್ಯಾಯವಾದಿಗಳ ಭಾಷೆಗಿಂತ ಖಚಿತವಾಗಿದೆ. ‘ಎರವು’ ತಂದುದನ್ನು ಅದನ್ನೇ ಮರಳಿಸಬೇಕು: ಒನಕೆ, ಏಣಿ, ಮದುವೆಯ ದಿನದ ಸರ. ‘ಕಡ’ ತಂದುದನ್ನು ಅದೇ ಜಾತಿಯ, ಅಷ್ಟೇ ಅಳತೆಯ ಇನ್ನೊಂದರಿಂದ ತೀರಿಸಬೇಕು: ಒಂದು ಸೇರು ಅಕ್ಕಿ, ಒಂದು ಕುಡ್ತೆ ಎಣ್ಣೆ. ‘ಸಾಲ’ ಹಣದ್ದು, ಬೆಳೆಯುವಂಥದು. ಸ್ಮೃತಿಕಾರರು ಯಾಚಿತ, ಋಣ, ಉಪನಿಧಿ, ನಿಕ್ಷೇಪ ಎಂದು ಬೇರ್ಪಡಿಸಿದುದು ಇಂತಹವುಗಳನ್ನೇ. ಮಿತಾಕ್ಷರೆಯು ಯಾಚಿತಕ್ಕೆ ಕೊಡುವ ಉದಾಹರಣೆ ಮದುವೆ ಮುಂತಾದ ಉತ್ಸವಗಳಿಗೆಂದು ಬೇಡಿ ತಂದ ಬಟ್ಟೆ ಆಭರಣಗಳು. ಕಲ್ಯಾಣದ ಪಂಡಿತನ ಮನೆಯಲ್ಲಿಯೂ ಸರವು ನೆರೆಮನೆಯಿಂದ ಬರುತ್ತಿತ್ತೆಂದು ತೋರುತ್ತದೆ. ಇಟ್ಟ ಸೊತ್ತು ಅರಸನಿಂದಲೋ ದೈವದಿಂದಲೋ ಕಳ್ಳರಿಂದಲೋ ನಷ್ಟವಾದರೆ ಇಟ್ಟುಕೊಂಡವನು ತೆರಬೇಕಾಗಿಲ್ಲವೆಂದು ಯಾಜ್ಞವಲ್ಕ್ಯನ ವಿಧಿ. 1923ರಲ್ಲಿಯೂ ಮತ್ತೆ 1974ರಲ್ಲಿಯೂ ನೇತ್ರಾವತಿಯು ಉಕ್ಕಿ ಬಂಟವಾಳದ ಪೇಟೆಯನ್ನು ಮುಳುಗಿಸಿದಾಗ, ಒಬ್ಬರ ಬಂಡಸಾಲೆಯಲ್ಲಿ ಇನ್ನೊಬ್ಬರು ಇಟ್ಟ ಮಾಲಿನ ವಿಷಯದಲ್ಲಿ ಈ ವಿಧಿಯು ಬರಿಯ ಪಾಠವಾಗಿರಲಾರದು.

ಸಾಲವು ಬೆಳೆದಲ್ಲಿ ಗದ್ದೆಯು ‘ಅಡವು’ ಬೀಳುವುದು. ಅಡವು ಬಿದ್ದಲ್ಲಿ ಕಾಗದ ಹುಟ್ಟುವುದು. ಇಲ್ಲಿಂದ ಮುಂದೆ ಶಬ್ದಗಳು ಬಾಯಿಯಿಂದ ಕಡತಕ್ಕೆ ಏರಿದುವು; ಅಲ್ಲಿಯೇ ಅವು ಕಠಿನವಾದುವು.

ವಿಜಯನಗರದ ಕಾಲದ ಮೂಲ ತೆರಿಗೆಗೆ ‘ರೇಖೆ’ ಎಂಬ ಹೆಸರಿತ್ತು. ಇಕ್ಕೇರಿಯ ಅರಸರ ಕಾಲದಲ್ಲಿ ‘ಶಿಸ್ತು’ ಎಂಬ ಮಾತು ಬಂದಿತು. ಮೇಲಿಂದ ಮೇಲೆ ಸೇರಿಸಿದ ಹೆಚ್ಚಳವು ‘ಶಾಮಿಲು’. 1763ರಲ್ಲಿ ಬಿದನೂರು ಹೈದರಾಲಿಯ ವಶವಾದಮೇಲೆ ಶಾಮಿಲು ಇನ್ನೂ ಭಾರವಾಯಿತು. ಶಾಮಿಲು ಎಂದರೆ ‘ಸೇರಿದುದು’ ಎಂದಷ್ಟೇ ಅರ್ಥ. ಎಷ್ಟು ಮೃದುವಾದ ಹೆಸರು! ‘ಶಿಸ್ತು’ ಮಾತ್ರ ಕಂದಾಯದ ಪುಸ್ತಕವನ್ನು ಬಿಟ್ಟು ಶಾಲೆಗೆ ಬಂದು ಮಕ್ಕಳ ಮೇಲೆ ಅಧಿಕಾರ ನಡೆಸುತ್ತಿದೆ. ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಕಪ್ಪಗೆ ಮಾಡಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆಯುತ್ತಿದ್ದ ಶಾನುಭಾಗನು ಒಬ್ಬೊಬ್ಬನ ತೆರಿಗೆಗೆ ಒಂದೊಂದು ವಿಭಾಗವನ್ನು ತೆರೆದನು. ಆ ವಿಭಾಗವೇ ‘ವರ್ಗ’. ಕಾಲಕ್ರಮದಲ್ಲಿ ಲೆಕ್ಕದ ವಿಭಾಗದ ಹೆಸರು ಆ ಲೆಕ್ಕಕ್ಕೆ ಸೇರಿದ ನೆಲಕ್ಕೇ ಅಂಟಿತು. ‘ಅವರಿಗೆ ಎರಡು ವರ್ಗ ಉಂಟು’ ಎಂದರೆ ಭೂಮಿಯೆಂದೇ ಅರ್ಥವಾಯಿತು. ಯಾರ ಹೆಸರಿನಲ್ಲಿ ತೆರಿಗೆ ಬರೆದಿದೆಯೋ ಅವನು ‘ವರ್ಗದಾರ’. 1799ರಲ್ಲಿ ಟೀಪುವಿನ ಪತನಾನಂತರ ಕನ್ನಡ ಜಿಲ್ಲೆಯ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಸಾಹೇಬನು ಈ ಕಡತಗಳನ್ನೂ ಹಳೆಯ ಪತ್ರಗಳನ್ನೂ ಪರಿಶೀಲಿಸಿ, ಭೂಮಿಯ ಮೇಲೆ ಖಾಸಗಿ ಸ್ವಾಮ್ಯವು ಇಲ್ಲಿ ಬಹುಪುರಾತನವಾದುದೆಂದು 1800ರಲ್ಲಿ ಮೇಲಿನವರಿಗೆ ಬರೆದನು. ಅದು ನಿಜವೇ. ಆದರೆ ಯಾರ ಸ್ವಾಮ್ಯ, ಯಾವ ಭೋಗದ ಮೇಲೆ ಎಂಬಲ್ಲಿ ಲೆಕ್ಕದ ಪುಸ್ತಕವು ಹೇಳುವುದು ಒಂದೇ ಹೆಸರನ್ನು. ಅಂಗಳದ ಮಾತು ಹೇಳುವುದು ಹಲವನ್ನು.

ಗೇಣಿಯ ಹೆಸರುಗಳನ್ನೇ ನೋಡಬಹುದು. ‘ಮೂಲ’ ಎಂದರೆ ಬೇರು. ‘ಮೂಲಗೇಣಿ’ಯವನು ಒಮ್ಮೆ ಗೊತ್ತುಮಾಡಿದ ಗೇಣಿಯನ್ನು ತೆರುತ್ತಾ ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ನೆಲವನ್ನು ಅನುಭವಿಸುವನು, ಗೇಣಿಯನ್ನು ಏರಿಸುವಂತಿಲ್ಲ, ಅವನನ್ನು ಏಳಿಸುವಂತಿಲ್ಲ. ಅವನು ತನ್ನ ಕೆಳಗೆ ಇನ್ನೊಬ್ಬನಿಗೆ ಅದೇ ಬಗೆಯ ಹಕ್ಕನ್ನು ಕೊಟ್ಟರೆ ಅದು ‘ಒಳಮೂಲಗೇಣಿ’. ಬೇರಿನೊಳಗೆ ಬೇರು! ‘ವಾಯಿದೆಗೇಣಿ’ಗೆ ವರ್ಷಗಳ ಮಿತಿ. ಉಳಿದವರೆಲ್ಲ ‘ಚಾಲಗೇಣಿ’. ಇದು ಚಲ್ ಎಂಬ ಧಾತುವಿನಿಂದ ಬಂದ ಹೆಸರು. ಈಗ ನಡೆಯುತ್ತಿರುವುದು, ಮುಂದಿನ ವರ್ಷ ನಡೆಯುವುದೋ ಇಲ್ಲವೋ ತಿಳಿಯದು. ಶಾಸ್ತ್ರದಲ್ಲಿ ಭೂಮಿಯು ಸ್ಥಾವರ; ಗೇಣಿಚೀಟಿನಲ್ಲಿ ಅದನ್ನು ಉಳುವವನು ಚಾಲ. ಗದ್ದೆಯ ಬದುವನ್ನು ಕಟ್ಟಿದವನು, ತೋಡಿಗೆ ಕಟ್ಟವಿಕ್ಕಿದವನು, ಮಜಲಿನಲ್ಲಿ ಅಡಿಕೆಯನ್ನು ನೆಟ್ಟವನು ಅಜ್ಜನ ಕಾಲದಿಂದ ಅಲ್ಲಿಯೇ ಇದ್ದರೂ, ವರ್ಷವರ್ಷವೂ ಕಾಗದದ ಮೇಲೆ ಹೊಸಬನಾಗುತ್ತಿದ್ದನು.

ಆದರೆ ಅದೇ ಮನುಷ್ಯನಿಗೆ ಬಾಯಿಯ ಮಾತು ಕೊಟ್ಟ ಹೆಸರು ‘ಒಕ್ಕಲು’. ಈ ಶಬ್ದದ ಅರ್ಥ ಮನೆತನ, ನೆಲಸುವಿಕೆ, ವಾಸ. ಹೊಸಮನೆಗೆ ಕಾಲಿಡುವ ಮಂಗಲಕಾರ್ಯವು ‘ಮನೆಯೊಕ್ಕಲು’. ಸಂಸ್ಕೃತದ ‘ವಸತಿ’ಯಿಂದ ಬಸದಿಯಾದಂತೆ, ನೆಲಸಿದುದೇ ಇಲ್ಲಿಯೂ ಹೆಸರಾಯಿತು. ದೇವರು ನೆಲಸಿದಲ್ಲಿ ಬಸದಿ, ಬೇಸಾಯಗಾರನು ನೆಲಸಿದಲ್ಲಿ ಒಕ್ಕಲು. ಒಕ್ಕಲನ್ನು ಬಿಡಿಸುವುದಕ್ಕೆ ಕನ್ನಡದಲ್ಲಿ ‘ಒಕ್ಕಲೆಬ್ಬಿಸು’ ಎಂಬ ಒಂದೇ ಕ್ರಿಯಾಪದ: ಕುಳಿತ ಮನೆತನವನ್ನು ಎಬ್ಬಿಸುವುದು. ಚಾಲಗೇಣಿಯ ಚೀಟನ್ನು ತೋರಿಸಿ ಅವಧಿ ತೀರಿತೆಂದು ನ್ಯಾಯಾಲಯದಲ್ಲಿ ಹೇಳಬಹುದು. ಊರಿನಲ್ಲಿ ಅದಕ್ಕೆ ಒಕ್ಕಲೆಬ್ಬಿಸುವುದೆಂದೇ ಹೆಸರು, ಮತ್ತು ಆ ಹೆಸರಿನಲ್ಲಿ ನಿಂದೆಯೂ ಕೂಡಿರುವುದು. ಧಣಿಯೂ ಇದನ್ನು ಬಲ್ಲವನೇ. ಆದುದರಿಂದಲೇ ಎಷ್ಟೋ ಚಾಲಗೇಣಿಗಳು ಚೀಟು ಬರೆಯದೆ, ಹಬ್ಬಕ್ಕೊಂದು ಬಾಳೆಗೊನೆ, ಸೌತೆಕಾಯಿಗಳ ಕಾಣಿಕೆಯಿಂದ, ಬರಿಯ ಮಾತಿನ ಮೇಲೆ ಮೂರು ತಲೆಮಾರುಗಳವರೆಗೆ ನಡೆದುಬಂದುವು. ಮಾತಿನ ಮೇಲೆ ನಡೆದುದು ಮಾತು ಕೆಟ್ಟಾಗ ಒಂದು ದಿನದಲ್ಲಿ ಮುಗಿದುದೂ ಉಂಟು. ಎರಡನ್ನೂ ಹೇಳತಕ್ಕದ್ದು ನ್ಯಾಯ.

‘ನನ್ನದು’ ಎನ್ನುತ್ತಿದ್ದ ಧಣಿಯ ಮಾತೂ ಸಡಿಲವಾದುದೇ. ಬಂಟರ ಗುತ್ತುಗಳಲ್ಲಿಯೂ ಹಲವು ಜೈನ ಬೀಡುಗಳಲ್ಲಿಯೂ ಅಳಿಯಸಂತಾನದ ಕಟ್ಟು ನಡೆಯುತ್ತಿದ್ದಿತು. ಅಲ್ಲಿ ಭೂಮಿಯು ತಾಯಿಯ ಬಳಿಯಿಂದ ಬಂದ ಕುಟುಂಬದ್ದು. ಯಜಮಾನನು ನೋಡಿಕೊಳ್ಳುವವನು ಮಾತ್ರ. ಹುಟ್ಟಿನಿಂದಲೇ ಸ್ವತ್ವವೆಂಬ ಮಿತಾಕ್ಷರೆಯ ಮಾತು ಇಲ್ಲಿಯೂ ಸಲ್ಲುವುದು, ಹುಟ್ಟನ್ನು ತಂದೆಯ ಕಡೆಯಿಂದ ಎಣಿಸದೆ ತಾಯಿಯ ಕಡೆಯಿಂದ ಎಣಿಸಿದರೆ ಸರಿ. ಪಾಲು ಕೇಳುವ ಹಕ್ಕು ಯಾರೊಬ್ಬರಿಗೂ ಇಲ್ಲವೆಂದು ಹತ್ತೊಂಬತ್ತನೆಯ ಶತಮಾನದ ಮದರಾಸು ನ್ಯಾಯಾಲಯಗಳು ತೀರ್ಮಾನಿಸಿದ್ದುವು. (ಹಳಗನ್ನಡದ ‘ಪಾಲ್’ ಎಂಬ ಎರಡು ಶಬ್ದಗಳಲ್ಲಿ ಕರೆಯುವುದು ಹಾಲಾಯಿತು, ಹಂಚುವುದು ಪಾಲಾಗಿಯೇ ಉಳಿಯಿತು. ಜಗಳದ ಶಬ್ದಗಳಿಗೆ ಆಯುಸ್ಸು ಹೆಚ್ಚು.) 1949ರ ಮದರಾಸು ಅಳಿಯಸಂತಾನ ಶಾಸನವು ಬಂದು, ಪಾಲನ್ನು ‘ಕವರು’ಗಳ ಲೆಕ್ಕದಲ್ಲಿ ಕೇಳಬಹುದೆಂದಿತು. ಕವರೆಂದರೆ ಮರದ ಕವಲು. ಸಂತತಿಯಿಲ್ಲದ ಕವರಿಗೆ ‘ನಿಸ್ಸಂತತಿ ಕವರು’ ಎಂದು ಹೆಸರಾಗಿ, ಅದರ ಪಾಲು ಬದುಕಿರುವಷ್ಟು ಕಾಲದ ಅನುಭವಕ್ಕೆ ಮಾತ್ರವೆಂದಾಯಿತು. ಒಣಗಲಿರುವ ಕೊಂಬೆ ಎಂಬ ಅರ್ಥವು ಶಾಸನದ ಭಾಷೆಯಲ್ಲಿ ಹೀಗೆ ನಿಂತಿತು. ಆ ಶಬ್ದವನ್ನು ತಮ್ಮ ಹೆಸರಿನ ಮುಂದೆ ಓದಿಕೊಂಡ ಮಕ್ಕಳಿಲ್ಲದ ಹೆಂಗಸರ ಮನಸ್ಸು ಏನಾಗಿದ್ದೀತೆಂದು ಕಾಯಿದೆಯ ಪುಸ್ತಕಗಳು ಬರೆಯವು.

1956ರಲ್ಲಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. 1961ರ ಭೂಸುಧಾರಣಾ ಶಾಸನವು 1965ರಲ್ಲಿ ಜಾರಿಗೆ ಬಂದರೂ ಅದರ ಬಿಸಿ ತಟ್ಟಿದುದು ದೇವರಾಜ ಅರಸರ ಸರಕಾರವು ಮಾಡಿದ ತಿದ್ದುಪಡಿಯಿಂದ. 1974ನೆಯ ಮಾರ್ಚ್ 1ರಂದು ಗೇಣಿಯ ಜಮೀನುಗಳೆಲ್ಲ ಸರಕಾರಕ್ಕೆ ಸೇರಿದುವು. ಆ ದಿನ ಉಳುತ್ತಿದ್ದ ಗೇಣಿದಾರನು ಏಳನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ತಾಲೂಕಿನ ನ್ಯಾಯಮಂಡಲಿಯ ಮುಂದೆ ತನ್ನ ಒಕ್ಕಲುತನವನ್ನು ಸಾಧಿಸಬೇಕಾಯಿತು. ಘಟ್ಟದ ಮೇಲಿನಿಂದ ಬಂದ ಘೋಷಣೆಯಲ್ಲಿ ‘ಹೊಲ’ದ ಒಡೆಯನೆಂದಿತ್ತು, ಗದ್ದೆ, ಬೈಲು, ಮಜಲು, ಬೆಟ್ಟುಗಳನ್ನಲ್ಲದೆ ಹೊಲವನ್ನು ಕಾಣದ ಈ ಸೀಮೆಯವರು ‘ಒಡೆಯ’ನನ್ನು ಮಾತ್ರ ಚೆನ್ನಾಗಿ ಗುರುತಿಸಿಕೊಂಡರು.

ನ್ಯಾಯಮಂಡಲಿಯ ಮುಂದೆ ಶಬ್ದಗಳೇ ಸಾಕ್ಷಿಗಳಾದುವು. ಇವನು ಗೇಣಿದಾರನೋ, ಕೂಲಿಯವನೋ, ಮನೆಯ ಕೆಲಸದವನೋ, ಸಂಬಂಧಿಕನಾಗಿ ಇದ್ದವನೋ? ಅಳೆದ ಅಕ್ಕಿ ಗೇಣಿಯೋ, ಸಾಲದ ಬಡ್ಡಿಯೋ? ಚೀಟನ್ನು ಬರೆಯದಿದ್ದ ವಿಶ್ವಾಸವು ಈಗ ಉಳುವವನಿಗೆ ತೊಡಕಾಯಿತು. ರಶೀದಿಯನ್ನು ಕೊಡದಿದ್ದ ಉದಾಸೀನವು ಕೆಲವೆಡೆ ಧಣಿಗೂ ತೊಡಕಾಯಿತು. ನೆರೆಹೊರೆಯವರು ಬಂದು ‘ಅವನ ಅಪ್ಪನೂ ಅಲ್ಲಿಯೇ ಒಕ್ಕಲಿದ್ದ’ ಎಂದು ಹೇಳಿದರೆ ಅದಕ್ಕೆ ಬೆಲೆಯಿತ್ತು. ಲೇಖ್ಯ, ಸಾಕ್ಷಿ, ಭುಕ್ತಿಗಳೆಂಬ ಯಾಜ್ಞವಲ್ಕ್ಯನ ಮೂರು ಪ್ರಮಾಣಗಳು ಹೀಗೆ ಒಂದು ತಾಲೂಕು ಕಚೇರಿಯ ಬೆಂಚಿನ ಮೇಲೆ ಮತ್ತೊಮ್ಮೆ ಕುಳಿತುವು. ಗೆದ್ದವನ ಬಾಯಲ್ಲಿ ‘ಉಂಟು’ ಮತ್ತು ‘ನನ್ನದು’ ಒಂದೇ ಆದುವು. ಸೋತ ಒಕ್ಕಲಿಗೆ ಎರಡೂ ಹೋದುವು. ಸಣ್ಣ ಧಣಿಗಳು, ಅವರಲ್ಲಿ ವಿಧವೆಯರೂ ಪೂಜೆಯವರೂ ಇದ್ದರು, ಮೂವತ್ತು ಮುಡಿಯ ಗೇಣಿಯೊಂದನ್ನೇ ನೆಚ್ಚಿಕೊಂಡವರು, ‘ನನ್ನದಾಗಿತ್ತು’ ಎಂಬ ಭೂತಕಾಲವನ್ನು ಕಲಿತರು. ಒಕ್ಕಲ ಮಗನು ಓದಿ ಉಪಾಧ್ಯಾಯನಾದುದೂ ಇದೇ ಕಾಲದಲ್ಲಿ. ಒಂದರ ಸಂತೋಷಕ್ಕಾಗಿ ಇನ್ನೊಂದರ ದುಃಖವನ್ನು ಮರೆಸಬೇಕಾಗಿಲ್ಲ. ಬೇಸಾಯದ ನೆಲಕ್ಕೆ ಸಂಬಂಧಿಸಿದ ಈ ಶಾಸನದ ಹೊರಗೆ ಉಳಿದುವು ಪೇಟೆಯ ಮನೆಯಡಿಗಳೂ ಅಂಗಡಿಯಡಿಗಳೂ. ಅಲ್ಲಿನ ಮೂಲಗೇಣಿ, ಒಳಮೂಲಗೇಣಿಗಳವರಿಗೆ ಮಾಲಕತ್ವವನ್ನು ಕೊಡುವೆವೆಂದು ವಿಧಾನಮಂಡಲವು 2011ರಲ್ಲಿ ಬೇರೊಂದು ಶಾಸನವನ್ನು ಮಾಡಿತು; ಅದೂ ನ್ಯಾಯಾಲಯದ ಮೆಟ್ಟಿಲನ್ನೇರಿತು.

ಕಟ್ಟಿನಿಂದ ಇನ್ನೂ ಬಿಚ್ಚಿಕೊಳ್ಳದ ಒಂದು ಭೋಗವುಂಟು: ‘ಕುಮ್ಕಿ’. ಗದ್ದೆಗೆ ಗೊಬ್ಬರ ಬೇಕು, ಗೊಬ್ಬರಕ್ಕೆ ಸೊಪ್ಪು ಬೇಕು, ಸೊಪ್ಪಿಗೆ ಕಾಡು ಬೇಕು. ಹಟ್ಟಿಯಲ್ಲಿ ಹಾಸುವ ಸೊಪ್ಪು, ದನ ಮೇಯುವ ಹುಲ್ಲು, ನೇಗಿಲಿಗೊಂದು ಕೊಂಬೆ ಇವುಗಳಿಗಾಗಿ, ಫಸಲಿ 1276ಕ್ಕೆ (1866-67) ಮೊದಲೇ ಇದ್ದ ಹಳೆಯ ವರ್ಗಗಳ ಮೇರೆಯಿಂದ ನೂರು ಗಜದೊಳಗಿನ ಸರಕಾರಿ ಬಂಜರು ಭೂಮಿಯಲ್ಲಿ ವರ್ಗದಾರನಿಗೆ ಅನುಭವದ ಹಕ್ಕಿರುವುದು. 1964ರ ಭೂಕಂದಾಯ ಶಾಸನವೂ ಈ ಸವಲತ್ತನ್ನು ಕಾಪಾಡಿತು. ಶಬ್ದವು ಪಾರಸಿಯ ಮೂಲಕ ಬಂದುದು. ‘ಕುಮಕ್’ ಎಂದರೆ ಸಹಾಯ. ಯಾರನ್ನೋ ಕೆಟ್ಟ ಕೆಲಸಕ್ಕೆ ಹುರಿದುಂಬಿಸಿದರೆ ವರ್ತಮಾನಪತ್ರಗಳು ಬರೆಯುವ ‘ಕುಮ್ಮಕ್ಕು’ ಇದರ ಒಡಹುಟ್ಟಿದುದೇ. ನೆಲವು ಸರಕಾರದ್ದು, ಸಹಾಯವು ಗದ್ದೆಗೆ. ಗದ್ದೆಯಲ್ಲಿ ಭತ್ತವನ್ನು ಬಿಟ್ಟು ಅಡಿಕೆಯನ್ನು ನೆಟ್ಟವರೂ, ಕುಮ್ಕಿಯಲ್ಲಿ ಸೊಪ್ಪನ್ನು ಬಿಟ್ಟು ರಬ್ಬರನ್ನು ನೆಟ್ಟವರೂ ಇಂದು ಬೆಳ್ತಂಗಡಿಯ ಗ್ರಾಮಗಳಲ್ಲಿ ಇದ್ದಾರೆ. ಪಹಣಿಯಲ್ಲಿ ಆ ನೆಲವು ಸರಕಾರದ ಹೆಸರಿನಲ್ಲಿದೆ. ಕ್ರಯಪತ್ರದಲ್ಲಿ ಅದನ್ನು ಮಾರಿದೆನೆಂದು ಯಾರೂ ಬರೆಯಲಾರರು. ಆದರೆ ಜಾಗವನ್ನು ತೋರಿಸಲು ಬಂದವನು ಗುಡ್ಡದ ಕಡೆಗೆ ಕೈನೀಡಿ ‘ಅಲ್ಲಿಯವರೆಗೆ ನಮ್ಮ ಕುಮ್ಕಿ’ ಎನ್ನುವನು, ಕೊಳ್ಳುವವನು ತಲೆಯಾಡಿಸುವನು, ಕ್ರಯವನ್ನು ಗೊತ್ತುಮಾಡುವಾಗ ಇಬ್ಬರೂ ಅದನ್ನು ಲೆಕ್ಕಕ್ಕೆ ಹಿಡಿಯುವರು.